ಮನೆ ಬಿಲ್ಲಿನಲ್ಲಿ ವ್ಯಾಪಾರದ ಪಾಲು
ಮನೆಯಲ್ಲೇ ಟೈಲರಿಂಗ್, ಟ್ಯೂಷನ್, ಕೇಟರಿಂಗ್ ನಡೆಸುವವರು ಮನೆಯ ಬಿಲ್‌ಗಳಲ್ಲಿ ವ್ಯಾಪಾರಕ್ಕೆ ಬಳಕೆಯಾದ ಪಾಲನ್ನಷ್ಟೇ ಖರ್ಚೆಂದು ತೋರಿಸಬಹುದು. 1961ರ ಆದಾಯ ತೆರಿಗೆ ಕಾಯ್ದೆಯ 37(1)ನೇ ಸೆಕ್ಷನ್ ಸ್ವಂತ ಖರ್ಚನ್ನು ಒಪ್ಪುವುದಿಲ್ಲ. 2025ರ ಹೊಸ ಕಾಯ್ದೆಯಲ್ಲೂ ತತ್ವ ಅದೇ.

ಬಾಡಿಗೆ ಹಂಚುವುದು ಸುಲಭ. 600 ಚದರಡಿ ಮನೆಯಲ್ಲಿ 120 ಚದರಡಿಯ ಕೋಣೆ ಹೊಲಿಗೆಗೇ ಮೀಸಲಾಗಿದ್ದರೆ ಐದನೇ ಒಂದು ಪಾಲು, ಅಂದರೆ ₹15,000 ಬಾಡಿಗೆಯಲ್ಲಿ ₹3,000. ಕರೆಂಟಿಗೆ ಈ ಅಳತೆ ಹೊಂದುವುದಿಲ್ಲ. ದಿನವಿಡೀ ಕಾಯುವ ಇಸ್ತ್ರಿಪೆಟ್ಟಿಗೆಯಿಂದ ಆ ಪುಟ್ಟ ಕೋಣೆಯಲ್ಲೇ ಹೆಚ್ಚು ಯೂನಿಟ್ ಓಡಬಹುದು. ಕೋಣೆಗೆ ಸಬ್‌ಮೀಟರ್ ಹಾಕಿಸಿದರೆ, ಇಲ್ಲವೇ ಉಪಕರಣದ ವ್ಯಾಟ್, ಬಳಸಿದ ಗಂಟೆ ಬರೆದಿಟ್ಟರೆ ಲೆಕ್ಕಕ್ಕೆ ಆಧಾರ ಸಿಗುತ್ತದೆ. ನೀರಿನ ಪಾಲು ಹೊಲಿಗೆಯಲ್ಲಿ ನಗಣ್ಯ, ಕೇಟರಿಂಗ್‌ನಲ್ಲಿ ದೊಡ್ಡದು.

ಕರ್ನಾಟಕದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಡಿ ಸೊನ್ನೆ ಬಿಲ್ ಬಂದ ತಿಂಗಳು ತೋರಿಸಲು ಕರೆಂಟಿನ ಖರ್ಚೇ ಇರುವುದಿಲ್ಲ. 1961ರ ಕಾಯ್ದೆಯ 44ಎಡಿ ಸೆಕ್ಷನ್ ಅಡಿ ವಹಿವಾಟಿನ ಶೇ 8ರಷ್ಟನ್ನು (ಡಿಜಿಟಲ್ ಪಾವತಿಗೆ ಶೇ 6) ಲಾಭವೆಂದು ಘೋಷಿಸುವವರಿಗೂ ಬೇರೆ ಕಡಿತವಿಲ್ಲ. ಖರ್ಚೆಲ್ಲ ಕಳೆದ ಮೊತ್ತವೇ ಅದು ಎಂದು ಕಾಯ್ದೆ ಭಾವಿಸುತ್ತದೆ. ಉಳಿದವರು ಬಿಲ್, ಪಾವತಿ ರಸೀದಿ, ಹಂಚಿಕೆಯ ಲೆಕ್ಕ ಮೂರನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು.