ಯಾವ ಸೆಟ್ಟಪ್ಪಾ?

ಏಪ್ರಿಲ್ ತಿಂಗಳ ಒಂದು ಬುಧವಾರ ಸಂಜೆ. ಆಫೀಸಿನಲ್ಲಿ ರಿಲೀಸ್ ಇತ್ತು. ಕಿವಿಯಲ್ಲಿ ಮೀಟಿಂಗ್, ಪಕ್ಕದಲ್ಲಿ ಆರಿಹೋದ ಕಾಫಿ. ಆ ಹೊತ್ತಿಗೇ ಊರಿಂದ ಅಪ್ಪನ ಫೋನ್ ಬಂತು. ಮೀಟಿಂಗ್ ಮ್ಯೂಟ್ ಮಾಡಿ ಎತ್ತಿದೆ.

"ಸೆಟ್ ಹೋಯ್ತು ಮಗಾ" ಅಂದರು.

ಹಿಂದಿನ ಸಲ ಊರಿಗೆ ಹೋದಾಗ ಟಿವಿ ಪರದೆ ಮೇಲೆ ಹಸಿರು ಗೆರೆ ಬರ್ತಿದ್ದದ್ದು ನೋಡಿದ್ದೆ. "ಹೋದ್ರೆ ಹೋಗ್ಲಿ ಬಿಡಪ್ಪಾ, ಹಳೇದಾಗಿತ್ತು. ಒಂದು ವಾರ ಇಲ್ದಿದ್ರೆ ಏನೂ ಮುಳುಗಲ್ಲ. ಎರಡನೇ ಶನಿವಾರ ಬರ್ತೀನಲ್ಲ, ನೋಡೋಣ" ಅಂದೆ. ಅಪ್ಪ ಒಂದು ಕ್ಷಣ ಸುಮ್ಮನಿದ್ದು, "ಹ್ಞೂಂ, ಆಯ್ತು" ಅಂತ ಇಟ್ಟುಬಿಟ್ಟರು. ಪೂರ್ತಿ ಒಂದು ನಿಮಿಷವೂ ಇರಲಿಲ್ಲ ಆ ಮಾತು.

ಮುಂದೇನಾಯ್ತು ಅಂತ ಹೇಳ್ತೀನಿ. ಅದಕ್ಕೆ ಮೊದಲು ಈ ‘ಸೆಟ್’ ಅನ್ನೋ ಪದದ ವಿಷಯ ಸ್ವಲ್ಪ ಕೇಳಿ. ಯಾಕಂದ್ರೆ ಆ ಘಟನೆ ಆದಮೇಲೆ ನಾನು ಈ ಪದದ ಬೆನ್ನು ಬಿದ್ದೆ.

1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ಇದೇ ಮೂರಕ್ಷರದ ಪದದ್ದು. ಕ್ರಿಯಾಪದವಾಗಿಯೇ ಇದಕ್ಕೆ 430 ಅರ್ಥ. ಅವನ್ನು ವಿವರಿಸೋಕೆ ಸುಮಾರು 60,000 ಪದ ಬೇಕಾಯ್ತಂತೆ, ಅಂದ್ರೆ ಒಂದು ಕಾದಂಬರಿಯಷ್ಟು. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ 645 ಅರ್ಥ ಗಳಿಸಿ ಇದನ್ನು ಹಿಂದಿಕ್ಕಿದೆ. ಇನ್ನೊಂದು ಸ್ವಾರಸ್ಯ ಅಂದ್ರೆ, ‘ಇಡು, ಕೂರಿಸು’ ಅನ್ನೋ ಸೆಟ್ ಹಳೆಯ ಇಂಗ್ಲಿಷಿನದ್ದು. ‘ಗುಂಪು, ಜೊತೆ’ ಅನ್ನೋ ಸೆಟ್ ಲ್ಯಾಟಿನ್‌ನಿಂದ ಫ್ರೆಂಚ್ ದಾರಿಯಲ್ಲಿ ಬಂದದ್ದು. ಎರಡು ಮನೆತನದ ಮಕ್ಕಳು ಒಂದೇ ಹೆಸರಿಟ್ಟುಕೊಂಡು ಓಡಾಡ್ತಿವೆ.

ನಾವು ಕನ್ನಡದವರು ಸುಮ್ಮನಿದ್ದೀವಾ? ಬೆಳಿಗ್ಗೆ ಸೆಟ್ ದೋಸೆ, ಸಾಗು. ಮದುವೆಗೆ ಬಳೆ ಸೆಟ್ಟು, ಸರದ ಸೆಟ್ಟು. ಸಿನಿಮಾ ಶುರುವಾದ್ರೆ ‘ಸೆಟ್ಟೇರಿತು’. ಇದು ನನಗೆ ತುಂಬಾ ಇಷ್ಟದ ಪದ. ಇಂಗ್ಲಿಷ್ ನಾಮಪದಕ್ಕೆ ನಮ್ಮ ‘ಏರು’ ಸೇರಿಸಿ, ರಥ ಏರಿದ ಗತ್ತು ಕೊಟ್ಟುಬಿಟ್ಟಿದ್ದೀವಿ. ಇಡೀ ಚಿತ್ರ ಸಕಲೇಶಪುರದ ಕಾಡಿನಲ್ಲೇ ತೆಗೆದರೂ ಅದು ಸೆಟ್ಟೇರಲೇಬೇಕು! ಬೆಂಗಳೂರಲ್ಲಿ ಮನೆ ಕಟ್ಟೋರಿಗೆ ಸೆಟ್‌ಬ್ಯಾಕ್ ಅಂದ್ರೆ ಸುತ್ತ ಬಿಡಬೇಕಾದ ಜಾಗ, ಬಿಡೋರು ಎಷ್ಟು ಜನ ಅನ್ನೋದು ಬೇರೆ ಮಾತು. ನನ್ನ ರೂಮ್‌ಮೇಟ್‌ಗೆ ಯಾರನ್ನು ತೋರಿಸಿದರೂ "ನಂಗೆ ಸೆಟ್ ಆಗಲ್ಲ". ನನ್ನ ಅತ್ತೆಗೆ ಯಾವ ಮದುವೆಮನೆಯಲ್ಲಿ ಸಿಕ್ಕರೂ ಒಂದೇ ಪ್ರಶ್ನೆ, "ಎಲ್ಲಾದ್ರೂ ಸೆಟ್ ಆಯ್ತೇನೇ?" ಕೆಲಸ, ಸ್ವಂತ ಫ್ಲ್ಯಾಟು ಎರಡೂ ಇದ್ದವನಿಗೆ ‘ಲೈಫ್ ಸೆಟ್’. ಅವನ ಇಎಂಐ ಕೇಳಿದವರಿಗೆ ಮಾತ್ರ ಗೊತ್ತು.

ನನ್ನ ಕೆಲಸದಲ್ಲೂ ಸೆಟ್ ಇದೆ. ಪೈಥಾನ್‌ನಲ್ಲಿ ಸೆಟ್ ಅಂದ್ರೆ ಒಂದು ವಸ್ತು ಒಂದೇ ಸಲ ಇರೋ ಸಂಗ್ರಹ. ಎರಡನೇ ಸಲ ಸೇರಿಸಿದರೆ ಸದ್ದಿಲ್ಲದೆ ಬಿಟ್ಟುಬಿಡುತ್ತೆ. ಅಲ್ಲಿ ಯಾವ ಗೊಂದಲವೂ ಇಲ್ಲ. ಎಂಟು ವರ್ಷದಿಂದ ಇಂಥ ಭಾಷೆ ಬರೆದೂ ಬರೆದೂ, ಒಂದು ಪದಕ್ಕೆ ಒಂದೇ ಅರ್ಥ ಅನ್ನೋ ಅಭ್ಯಾಸ ತಲೆಗೆ ಹತ್ತಿತ್ತೋ ಏನೋ.

ಎರಡನೇ ಶನಿವಾರ ಗುಬ್ಬಿಯಲ್ಲಿ ಬಸ್ ಇಳಿದು, ಆಟೋ ಹಿಡಿದು ಮನೆಗೆ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿಂದ ಸೀರಿಯಲ್ ಸದ್ದು ಕೇಳ್ತಿತ್ತು. ಟಿವಿ ಓಡ್ತಿದೆ! ಹಸಿರು ಗೆರೆ ಇತ್ತು, ಅದರ ಪಾಡಿಗೆ ಅದು.

"ಏನಮ್ಮಾ, ಸೆಟ್ ಹೋಗಿದೆ ಅಂದಿದ್ರಲ್ಲ ಅಪ್ಪ?"

"ಮೊನ್ನೆ ಗುರುವಾರ ರಿಪೇರಿ ಆಯ್ತಲ್ಲ. ವೈಂಡಿಂಗ್ ಸುಟ್ಟಿತ್ತಂತೆ" ಅಂದಳು ಅಮ್ಮ.

ಟಿವಿಗೆ ಎಲ್ಲಿಯ ವೈಂಡಿಂಗ್. ಹೋಗಿದ್ದು ಪಂಪ್‌ಸೆಟ್.

ಅಪ್ಪ ತೋಟದಲ್ಲಿದ್ದರು. ಕಳೆದ ಮಳೆಗಾಲದಲ್ಲಿ ನಾನೂ ಒಂದು ದಿನ ಗುಂಡಿಗೆ ಮಣ್ಣು ಎಳೆದು ನೆಟ್ಟಿದ್ದ ಮುನ್ನೂರು ಅಡಿಕೆ ಸಸಿಗಳು. ಬೋರಿನಿಂದ ಪೈಪ್ ಎತ್ತಿಸಿ, ಮೋಟಾರ್ ರಿಪೇರಿ ಮಾಡಿಸಿ, ಮತ್ತೆ ಇಳಿಸೋ ಹೊತ್ತಿಗೆ ಎಂಟು ದಿನ ಆಗಿತ್ತು. ಅದರಲ್ಲಿ ಐದು ದಿನ ದುಡ್ಡು ಹೊಂದಿಸೋದಕ್ಕೇ ಹೋಗಿತ್ತು. ಆ ಬಿಸಿಲಿನಲ್ಲಿ ಪಕ್ಕದ ತೋಟದ ತೊಟ್ಟಿಯಿಂದ ಬಿಂದಿಗೆಯಲ್ಲಿ ಹೊತ್ತು, ಆದಷ್ಟು ಸಸಿಗೆ ನೀರು ಹಾಕಿದ್ದಾರೆ. ಉಳಿದವು ಸುಳಿ ಸಮೇತ ಒಣಗಿದ್ದವು. ಎಣಿಸಿದೆ. ನೂರಾ ಹದಿನಾಲ್ಕು.

ಅಪ್ಪ ಯಾವತ್ತೂ ದುಡ್ಡು ಕಳಿಸು ಅಂತ ಬಾಯಿ ಬಿಟ್ಟು ಕೇಳಿದವರಲ್ಲ. ‘ಸೆಟ್ ಹೋಯ್ತು’ ಅಂದದ್ದೇ ಕೇಳಿದ ಹಾಗೆ. ಅದಕ್ಕೆ ನಾನು ಏನೂ ಮುಳುಗಲ್ಲ ಅಂದಿದ್ದೆ. ಮಗಳಿಗೆ ಕೊಡೋ ಮನಸ್ಸಿಲ್ಲ ಅಂದುಕೊಂಡು ಪಕ್ಕದ ತೋಟದವರ ಹತ್ತಿರ ಸಾಲ ಕೇಳಿದ್ದರು. ಫೋನಿನಲ್ಲಿ ಎರಡು ನಿಮಿಷದಲ್ಲಿ ಕಳಿಸಬಹುದಾದ ಮೊತ್ತ ಅದು.

"ನಾನು ಟಿವಿ ಅಂದ್ಕೊಂಡೆ ಅಪ್ಪಾ" ಅಂದೆ. ಅಪ್ಪ ನನ್ನ ಮುಖ ನೋಡಿದರು. "ಟಿವಿ ಹೋದ್ರೆ ನಿಂಗ್ಯಾಕೆ ಫೋನ್ ಮಾಡ್ಲಿ?" ಅಂದರು, ನಿಜವಾಗಿ ಅರ್ಥವಾಗದವರ ಹಾಗೆ. ಆಮೇಲೆ ಒಣಗಿದ ಒಂದು ಸಸಿ ಕಿತ್ತು ಬದುವಿಗೆ ಎಸೆದು, "ಜೂನಲ್ಲಿ ಮತ್ತೆ ನೆಡೋಣ ಬಿಡು" ಅಂದರು. ಸಾಲ ಅವತ್ತೇ ತೀರಿಸಿದೆ. ಜೂನಲ್ಲಿ ನಾಲ್ಕು ದಿನ ರಜೆ ಹಾಕಿ ಹೋಗಿ ನೆಟ್ಟೆವು.

ಈಗ ಊರಿಂದ ಫೋನ್ ಬಂದ್ರೆ ಹೆಡ್‌ಫೋನ್ ತೆಗೆದಿಟ್ಟು ಮಾತಾಡ್ತೀನಿ. ಕಳೆದ ತಿಂಗಳು ಸ್ಟ್ಯಾಂಡಪ್ ಮೀಟಿಂಗ್ ನಡುವೆ ಅಪ್ಪನ ಕರೆ. "ಸೆಟ್ ಬಂತು ಮಗಾ" ಅಂದರು.

"ಯಾವ ಸೆಟ್ಟಪ್ಪಾ?"

"ಹಲ್ಲಿಂದು ಕಣೇ. ತುಮಕೂರಲ್ಲಿ ಅಳತೆ ಕೊಟ್ಟು ಬಂದಿದ್ನಲ್ಲ."

"ಹೆಂಗಿದೆ?"

"ಚೆನ್ನಾಗೈತೆ. ಇನ್ನೂ ಸೆಟ್ ಆಗಿಲ್ಲ."