ಕಂಬದ ಬುಡ

ಯಾವೂರು ಎಂದು ಕೇಳಿದವರಿಗೆ ತಿಗನಾರೆ ಎಂದರೆ ಮುಖ ನೋಡುತ್ತಾರೆ. ತಾಳವಾಡಿ ಕಡೆ ಎಂದರೆ ಅರ್ಧ ಗೊತ್ತಾಗುತ್ತದೆ. ರಾಜ್‌ಕುಮಾರರ ಗಾಜನೂರಿನ ಸೀಮೆ ಎಂದರೆ, 'ಓ, ಅದು ತಮಿಳುನಾಡಲ್ಲವೇ? ಇಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಲ್ಲ!' ಎಂದು ಮೆಚ್ಚುತ್ತಾರೆ. ಹುಟ್ಟಿದಾಗಿನಿಂದ ಆಡುವ ಮಾತಿಗೆ ಸಿಗುವ ಈ ಶಭಾಸ್‌ಗಿರಿಯನ್ನು ನಾನೇಕೆ ಬೇಡವೆನ್ನಲಿ?

ಹೋದ ಶ್ರಾವಣದಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಮಳೆ ಹಿಡಿದಿತ್ತು, ಹೊಲಕ್ಕೆ ಇಳಿಯುವ ಹಾಗಿರಲಿಲ್ಲ. ಅಪ್ಪನ ಹಾಲಿನ ಪುಸ್ತಕ ಕೈಗೆ ಸಿಕ್ಕಿತು. ಎರಡು ಹಸು, ಬೆಳಗ್ಗೆ ಇಷ್ಟು, ಸಂಜೆ ಇಷ್ಟು ಎಂದು ದಿನ ತಪ್ಪದೆ ಬರೆದಿಟ್ಟಿದ್ದ. ಆಫೀಸಿನಲ್ಲಿ ವರ್ಷವಿಡೀ ಯಾರಯಾರದೋ ಲಾಭ ನಷ್ಟಕ್ಕೆ ಬಣ್ಣದ ಚಾರ್ಟು ಮಾಡಿಕೊಡುವ ನನಗೆ, ನಮ್ಮ ಹಸುಗಳಿಗೂ ಒಂದು ಮಾಡಿಕೊಡೋಣ ಎನಿಸಿತು.

ಆರು ತಿಂಗಳ ಲೆಕ್ಕವನ್ನು ಎಕ್ಸೆಲ್‌ಗೆ ಹಾಕಿಕೊಟ್ಟವಳು ಚಿಕ್ಕಪ್ಪನ ಮಗಳು. ತಿಂಗಳ ಹೆಸರನ್ನು 'ನುಡಿ' ತಂತ್ರಾಂಶದಲ್ಲಿ ಚೆಂದವಾಗಿ ಟೈಪ್ ಮಾಡಿದ್ದಳು. ಚಾರ್ಟು ಎಬ್ಬಿಸಿದೆ. ಸೆಲ್ಲಿನಲ್ಲಿ ದುಂಡಗಿದ್ದ ಏಪ್ರಿಲ್ಲು ಕಂಬದ ಕೆಳಗೆ ಬಂದು ನಿಂತಾಗ ಟೋಪಿ ಬಾಲ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆಯಾಗಿತ್ತು. 'ಅಣ್ಣ, ನಾನು ಸರಿಯಾಗೇ ಹೊಡೆದಿದ್ದೆ' ಎಂದು ಅವಳು ಅಳುವ ಹಾಗಾದಳು. ತಪ್ಪು ಅವಳದಲ್ಲ. ನುಡಿಯ ಹಳೆಯ ಪದ್ಧತಿಯಲ್ಲಿ ಕನ್ನಡವಿರುವುದು ಫಾಂಟಿನ ವೇಷದಲ್ಲಿ ಮಾತ್ರ. ಚಾರ್ಟು ಸೆಲ್ಲಿನ ಫಾಂಟನ್ನು ತನ್ನ ಜೊತೆ ತರುವುದಿಲ್ಲ, ತನ್ನದೇ ತೊಡಿಸುತ್ತದೆ. ಕೆಳಗಿನ ಸಾಲು, ತಲೆಬರಹ, ಬಣ್ಣದ ವಿವರ ಒಂದೊಂದನ್ನೂ ಮುಟ್ಟಿ ಫಾಂಟು ಬದಲಿಸುವುದಕ್ಕಿಂತ ಆರು ಹೆಸರನ್ನು ಯೂನಿಕೋಡಿನಲ್ಲಿ ಮತ್ತೆ ಬರೆಯುವುದೇ ಸಲೀಸು. ಬರೆದೆವು.

ಅಪ್ಪ ಬೀಡಿ ಆರಿಸಿ ಬಂದು ಬಗ್ಗಿ ನೋಡಿದ. ಜುಲೈ ಕಂಬ ಸೂರು ಮುಟ್ಟಿತ್ತು, ಏಪ್ರಿಲ್ ಕಂಬ ಮೊಣಕಾಲುದ್ದ.

'ಯಾನ್ಲಾ ಮಗ, ಏಪ್ರಿಲಲ್ಲಿ ಹಸ ಬತ್ತೋಗಿತ್ತಾ?'

'ಇಲ್ಲಪ್ಪ, ದಿನಕ್ಕೆ ಹದಿನಾಕು ಲೀಟ್ರು. ಜುಲೈಲಿ ಹದಿನಾರು.'

'ಎಲ್ಡು ಲೀಟ್ರುಗ ಇಷ್ಟುದ್ದ ಕಂಬವಾ? ಬುಡ ಎಲ್ಲೋಯ್ತು ಇದ್ರದ್ದು?'

ನೋಡಿದರೆ ಹೌದು. ಎಡಗಡೆಯ ಅಂಕಿ ಸೊನ್ನೆಯಿಂದಲ್ಲ, 13ರಿಂದ ಶುರುವಾಗಿತ್ತು. ಅಂಕಿಗಳು ಒಂದಕ್ಕೊಂದು ಹತ್ತಿರವಿದ್ದರೆ ಎಕ್ಸೆಲ್ ತಾನಾಗಿಯೇ ಬುಡ ಕತ್ತರಿಸಿ ತಲೆ ಮಾತ್ರ ತೋರಿಸುತ್ತದೆ. 14ರ ಕಂಬಕ್ಕೆ ಉಳಿದದ್ದು 1 ಲೀಟರಿನ ಎತ್ತರ, 16ರದಕ್ಕೆ 3. ಎರಡು ಲೀಟರಿನ ಏರಿಕೆ ಕಣ್ಣಿಗೆ ಮೂರು ಪಟ್ಟಾಯಿತು. ಆಫೀಸಿನಲ್ಲಿ ಇಂಥದೇ ಚಿತ್ರಕ್ಕೆ ಚಪ್ಪಾಳೆ ಬಿದ್ದದ್ದುಂಟು.

ಎಲ್ಲಿಂದ ಅಳೆಯುತ್ತೇವೋ ಎತ್ತರ ಅದರ ಮೇಲೆ ಎಂಬುದು ನಮ್ಮ ಸೀಮೆಯವರಿಗೆ ಹೊಸದೇನಲ್ಲ. ಚಾಮರಾಜನಗರದ ಕಡೆಯಿಂದ ಬರುವವರಿಗೆ ತಾಳವಾಡಿ ಬರೀ ಬಯಲು, ಬಸ್ಸು ಹತ್ತಿತೆಂದೇ ಗೊತ್ತಾಗುವುದಿಲ್ಲ. ಸತ್ಯಮಂಗಲದಿಂದ ಹೊರಟವರು ಬಣ್ಣಾರಿ ದಾಟಿ, ದಿಂಬಂ ಘಾಟಿಯ 27 ತಿರುವು ಸುತ್ತಿ, ಕಿವಿ ಗುಂಯ್ ಎನ್ನುತ್ತ, ಹೊಟ್ಟೆ ಹಿಡಿದುಕೊಂಡು ಬಂದು ಇಳಿಯುತ್ತಾರೆ. ಇಳಿಯುವುದು ಅದೇ ಬಯಲಿಗೆ.

ಅಂಕಿಯ ಸಾಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಫಾರ್ಮ್ಯಾಟ್ ಆಕ್ಸಿಸ್' ತೆರೆದು, 'ಮಿನಿಮಮ್' ಎಂಬಲ್ಲಿ 0 ಹಾಕಿದೆ. ಕಂಬಗಳೆಲ್ಲ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಹೆಚ್ಚುಕಮ್ಮಿ ಒಂದೇ ಎತ್ತರವಾದವು. ನೋಡಲು ಸಪ್ಪೆ. ಅಪ್ಪನಿಗೆ ಸಮಾಧಾನ. 'ಬೆಳಗಿಂದು, ಸಂಜೆದು ಬ್ಯಾರೆ ಬ್ಯಾರೆ ತೋರ್ಸು' ಎಂದ. ಒಂದರ ಮೇಲೊಂದು ಪೇರಿಸುವ ಬಗೆಗೆ ಬದಲಿಸಿದೆ: ಕೆಳಗೆ ನೀಲಿ ಬೆಳಗು, ಮೇಲೆ ಕಿತ್ತಳೆ ಸಂಜೆ.

ಪೆನ್‌ಡ್ರೈವ್ ಜೇಬಿಗಿಟ್ಟು ತಾಳವಾಡಿಯ ಝೆರಾಕ್ಸ್ ಅಂಗಡಿಗೆ ಹೋದೆವು. ಮೊದಲ ಹಾಳೆಯಲ್ಲಿ ಅಂಕಿಯೇ ಇಲ್ಲ, ಹಾಳೆ ತುಂಬ ಚಾರ್ಟು. ಚಾರ್ಟಿನ ಮೇಲೆ ಒತ್ತಿಟ್ಟೇ ಪ್ರಿಂಟು ಕೊಟ್ಟರೆ ಅದೊಂದೇ ಬರುತ್ತದೆ. ಅಂಕಿಯೂ ಬೇಕೆಂದರೆ ಮೊದಲು ಒಂದು ಖಾಲಿ ಸೆಲ್ಲನ್ನು ಒತ್ತಬೇಕು. ಇದನ್ನು ಪ್ರತಿ ಸಲವೂ ಒಂದು ಹಾಳೆ ಕೆಡಿಸಿಯೇ ನೆನಪಿಸಿಕೊಳ್ಳುವವನು ನಾನು. ಎರಡನೆಯದರಲ್ಲಿ ಎಲ್ಲ ಬಂತು, ಆದರೆ ಅಂಗಡಿಯಲ್ಲಿದ್ದದ್ದು ಕಪ್ಪುಬಿಳುಪಿನ ಯಂತ್ರ. ನೀಲಿಯೂ ಬೂದಿ, ಕಿತ್ತಳೆಯೂ ಬೂದಿ. ಬೆಳಗೂ ಸಂಜೆಯೂ ಕಲೆತುಹೋಗಿದ್ದವು.

ಚಾರ್ಟನ್ನು ಹಾಳೆಗೆ ಇಳಿಸುವ ಈ ಪಾಡು ಹಳೆಯದು. ಕಂಬದ ಚಿತ್ರವನ್ನು ಅಚ್ಚಿಗೆ ತಂದವನು ವಿಲಿಯಂ ಪ್ಲೇಫೇರ್, 1786ರಲ್ಲಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಆಳುತ್ತಿದ್ದ ಕಾಲ. ಪ್ಲೇಫೇರನ ತಾಮ್ರದ ಅಚ್ಚುಗಳು ರೇಖೆಯನ್ನಷ್ಟೇ ಕೊಡುತ್ತಿದ್ದವು, ಬಣ್ಣವನ್ನು ಕೈಯಲ್ಲಿ ಬಳಿಯಬೇಕಿತ್ತು. 1983ರ ಲೋಟಸ್ 1-2-3 ಎಂಬ ಲೆಕ್ಕದ ಪ್ರೋಗ್ರಾಮಿನ ಹೆಸರಿನಲ್ಲೇ ಚಾರ್ಟಿಗೆ ಜಾಗವಿತ್ತು, 2 ಅಂದರೆ ಅದೇ. ಹಾಗಿದ್ದೂ ಆ ದಿನಗಳಲ್ಲಿ ಚಾರ್ಟಿನ ಪ್ರಿಂಟು ತೆಗೆಯಲು ಅದರಿಂದ ಹೊರಬಂದು 'ಪ್ರಿಂಟ್‌ಗ್ರಾಫ್' ಎಂಬ ಬೇರೆ ಪ್ರೋಗ್ರಾಮಿಗೆ ಹೋಗಬೇಕಿತ್ತು. ಅದಕ್ಕೆ ಹೋಲಿಸಿದರೆ ನನ್ನದು ಎರಡು ಹಾಳೆಯ ನಷ್ಟ.

ಅಂಗಡಿಯ ಕಂಪ್ಯೂಟರಿನಲ್ಲೇ ಕೂತು ಬಣ್ಣ ಕಿತ್ತೆ. ಬೆಳಗಿನ ಹಾಲಿಗೆ ಅಚ್ಚ ಬಿಳಿ, ಸಂಜೆಯದಕ್ಕೆ 'ಪ್ಯಾಟರ್ನ್ ಫಿಲ್'ನಲ್ಲಿ ಓರೆಗೆರೆ, ಸುತ್ತ ಕಪ್ಪು ಅಂಚು. ಹಾಳೆಯನ್ನು ಅಡ್ಡ ಮಾಡಿದೆ. ಅಪ್ಪ ಕನ್ನಡಕ ಹಣೆಗೇರಿಸಿ ನೋಡಿ, 'ಈಗ ಹಾಲು ಹಾಲಿನಂಗೈತೆ ಕನ' ಎಂದ.

ದೀಪಾವಳಿಗೆ, ಗುಮಟಾಪುರದ ಗೊರೆಹಬ್ಬದ ನೆಪದಲ್ಲಿ ಮತ್ತೆ ಊರಿಗೆ ಹೋದೆ. ಹಾಳೆ ಕೊಟ್ಟಿಗೆಯ ಬಾಗಿಲ ಪಕ್ಕ ಅಂಟಿಕೊಂಡಿತ್ತು. ಜುಲೈ ಆದಮೇಲೆ ಬಲಗಡೆ ಖಾಲಿಯಿದ್ದ ಅಂಚಿನಲ್ಲಿ ಆಗಸ್ಟು, ಸೆಪ್ಟೆಂಬರುಗಳ ಕಂಬವನ್ನು ಅಪ್ಪ ಬಾಲ್‌ಪೆನ್ನಿನಲ್ಲಿ ಎಳೆದು, ಸಂಜೆಯ ಪಾಲಿಗೆ ಓರೆಗೆರೆಯನ್ನೂ ಹಾಕಿದ್ದ. ಸ್ಕೇಲು ಇಟ್ಟು ನೋಡಿದೆ. ಎರಡೂ ಸೊನ್ನೆಯಿಂದಲೇ ಎದ್ದಿದ್ದವು.