ಕೋಣನಕುಂಟೆಯಲ್ಲಿ ಇಳಿದಾಗ

ನಾಗಸಂದ್ರದಲ್ಲಿ ಮೆಟ್ರೋ ಹತ್ತಿದರೆ ಬೆಂಗಳೂರನ್ನು ಉದ್ದಕ್ಕೂ ದಾಟಿ ಕೋಣನಕುಂಟೆಗೆ ಹೋಗಬಹುದು. ಮೊನ್ನೆ ಮೊಮ್ಮಗನೊಡನೆ ನೆಂಟರ ಮನೆಗೆಂದು ಹಾಗೆಯೇ ಹೊರಟಿದ್ದೆ. ನಿಲ್ದಾಣದ ಹೆಸರು ಕೇಳಿ ನನ್ನ ಮುಖ ಬಾಡಿದುದನ್ನು ಕಂಡು, “ಏನಾಯಿತು ತಾತ?” ಎಂದ.

ಏನೆಂದು ಹೇಳಲಿ! 1991ರ ಮೇ 21ರ ರಾತ್ರಿ ಶ್ರೀಪೆರುಂಬುದೂರಿನಲ್ಲಿ ಬಾಂಬು ಸಿಡಿದು ರಾಜೀವ್ ಗಾಂಧಿಯವರೂ ಇನ್ನೂ ಹಲವರೂ ಮಡಿದರು. ಆ ಸಂಚನ್ನು ನಡೆಸಿದ ಶಿವರಾಸನ್ ಕೊನೆಗೆ ಅಡಗಿದ್ದುದು ಕೋಣನಕುಂಟೆಯ ಮನೆಯೊಂದರಲ್ಲಿ. ಆಗಸ್ಟ್ 20ರಂದು ಕಮಾಂಡೋಗಳು ಒಳನುಗ್ಗಿದಾಗ ಕಂಡದ್ದು ಏಳು ಹೆಣ. ಹೊರಗೆ ನೆರೆದ ಜನದಲ್ಲಿ ನಾನೂ ಒಬ್ಬ. ‘ಸದ್ಯ, ಮುಗಿಯಿತು’ ಎಂದುಕೊಂಡೆವು. ಆದರೆ ಬಾಯಿ ಬಿಡಬೇಕಾದವರೇ ಸತ್ತಿದ್ದರು. ಉಳಿದ ಎಳೆಗಳು ಕಡಲಾಚೆಗಿದ್ದವು.

ಎಲ್‌ಟಿಟಿಇ ನಾಯಕ ಪ್ರಭಾಕರನ್‌ನನ್ನು ಒಪ್ಪಿಸಬೇಕೆಂದು 1995ರಲ್ಲಿ ಭಾರತವು ಶ್ರೀಲಂಕೆಯನ್ನು ಕೇಳಿತು. ಆತ ಆ ಸರ್ಕಾರದ ಕೈಗೇ ಸಿಕ್ಕಿರಲಿಲ್ಲ. ಒಪ್ಪಿಸುವ ಮಾತೆಲ್ಲಿ ಬಂತು? ಸಂಚಿನ ಬೇರು ಹುಡುಕಲೆಂದು 1998ರಲ್ಲಿ ಹಲವು ಇಲಾಖೆಗಳ ಅಧಿಕಾರಿಗಳ ಸಂಸ್ಥೆಯೊಂದು ಹುಟ್ಟಿತು. ನೆರವು ಕೋರಿ ದೇಶದೇಶಗಳಿಗೆ ಪತ್ರಗಳು ಹೋದವು. 2009ರ ಮೇ ತಿಂಗಳಲ್ಲಿ ಪ್ರಭಾಕರನ್ ಯುದ್ಧದಲ್ಲಿ ಸತ್ತ. 2022ರಲ್ಲಿ ಆ ಸಂಸ್ಥೆಯನ್ನೇ ಮುಚ್ಚಿದರು. ಸೆರೆಯಲ್ಲಿ ಉಳಿದಿದ್ದ ಆರು ಮಂದಿ ಅಪರಾಧಿಗಳೂ ಅದೇ ವರ್ಷ ಹೊರಬಂದರು. ಸರ್ಕಾರಗಳ ಕಾಗದ ನಿಧಾನ; ಕಾಲನಿಗೆ ಆ ನಿಧಾನವಿಲ್ಲ.

“ಹಾಗಾದರೆ ಪೂರ್ತಿ ಕಥೆ ಯಾರಿಗೂ ಗೊತ್ತಾಗಲೇ ಇಲ್ಲವೆ ತಾತ?”

ನಾನು ಉತ್ತರಿಸಲಿಲ್ಲ. ಅಂದು ರಾಜೀವರ ಸುತ್ತ ಕಾವಲು ನಿಂತು ಮಡಿದ ಪೊಲೀಸರ ಮಕ್ಕಳೂ ತಮ್ಮ ಮನೆಗಳಲ್ಲಿ ಇದೇ ಪ್ರಶ್ನೆಯನ್ನು ಎಷ್ಟು ಬಾರಿ ಕೇಳಿರಬೇಕು! ಬಾಗಿಲು ತೆರೆಯಿತು. ಹುಡುಗನ ಕೈ ಹಿಡಿದು ಇಳಿದೆ.